ಬೆಂಚಿನವರು

ನಮ್ಮೂರಿನ ಶಾಲೆಯಲ್ಲಿ, ಕೋಣೆಯೊಳಗೆ ಕೂತವರಿಗೆಲ್ಲ ಪಾಠ ಅರ್ಥವಾಗುವ ತನಕ ಪುಸ್ತಕದ ಪುಟ ತಿರುಗುವುದಿಲ್ಲ. ಮೊದಲಿನಿಂದಲೂ ಹಾಗೆಯೇ. ಹೊರಗಿನಿಂದ ಬಂದವರು ಅಂಟಿನ ದೋಷ ಅನ್ನುತ್ತಾರೆ, ಗಾಳಿಯ ತೇವ ಅನ್ನುತ್ತಾರೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಉಗುರು ಹಾಕಿ ಎಬ್ಬಿಸಲು ಹೋಗಿ ಉಗುರು ಮುರಿದುಕೊಂಡರು. ಎಲ್ಲರಿಗೂ ಅರ್ಥವಾದ ಗಳಿಗೆಯಲ್ಲಿ ಅದೇ ಪುಟ ಬೇಯಿಸಿದ ಕಡಲೆಕಾಯಿಯ ಸಿಪ್ಪೆಯ ಹಾಗೆ ತಾನೇ ಬಿಟ್ಟುಕೊಳ್ಳುತ್ತದೆ. ಮೇಷ್ಟ್ರ ಮೇಜಿನ ಮೇಲಿನ ಪುಸ್ತಕವೂ ಅಷ್ಟೆ, ಮಕ್ಕಳ ಚೀಲದ ಪುಸ್ತಕವೂ ಅಷ್ಟೆ. ಮನೆಗೆ ಒಯ್ದರೂ ಕೋಣೆಯಲ್ಲಿ ತಿರುಗಿದ ಪುಟದವರೆಗೆ ಮಾತ್ರ ತೆರೆಯುತ್ತದೆ. ನಾನು ಆ ಶಾಲೆಯ ಜವಾನ, ತಿಪ್ಪೇಸ್ವಾಮಿ. ಗಂಟೆ ಹೊಡೆದು, ಕಸ ಗುಡಿಸಿ, ಕೊಡಕ್ಕೆ ನೀರು ತುಂಬಿಸಿಟ್ಟರೆ ನನ್ನ ಕೆಲಸ ಮುಗಿಯಿತು. ಉಳಿದ ಹೊತ್ತು ಹೊಸ್ತಿಲಾಚೆ ಬಾಗಿಲ ಬಳಿ ಕೂತು ನೋಡುತ್ತಿದ್ದೆ. ಹಾಗೆ ನೋಡಿದ್ದನ್ನೂ, ಚನ್ನವೀರಯ್ಯ ಮೇಷ್ಟ್ರು ಆಮೇಲೆ ನನ್ನ ಹತ್ತಿರ ಹೇಳಿಕೊಂಡದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಪುಟ ನಿಂತರೆ ಏನು ಮಾಡಬೇಕೆಂಬುದಕ್ಕೆ ಊರು ಒಂದು ದಾರಿ ಕಂಡುಕೊಂಡಿತ್ತು. ಯಾರಿಂದ ನಿಂತಿತು ಎಂದು ಪತ್ತೆ ಮಾಡಿ ಅವರನ್ನು ಹೊರಗೆ ಕಳಿಸುವುದು. ಜಗಲಿಯ ಕೊನೆಯಲ್ಲಿ ಹೊಂಗೆ ಮರದ ನೆರಳು ಬೀಳುವ ಕಡೆ ಚಪ್ಪಡಿ ಕಲ್ಲಿನ ಒಂದು ಬೆಂಚಿದೆ. ಹೊಸ್ತಿಲು ದಾಟಿ ಅಲ್ಲಿ ಕೂತವರು ಪುಸ್ತಕದ ಪಾಲಿಗೆ ಇಲ್ಲ. ಒಳಗೆ ಪುಟ ತಿರುಗುತ್ತದೆ. ಬೆಂಚಿಗೆ ಹೋದ ಮಕ್ಕಳು ಒಂದಷ್ಟು ದಿನ ಅಲ್ಲಿ ಕೂತು, ಆಮೇಲೆ ಬರುವುದನ್ನೇ ಬಿಟ್ಟು, ಗುಡ್ಡದ ಕಲ್ಲು ಕ್ವಾರಿಗೆ ಸೇರಿಕೊಳ್ಳುತ್ತಿದ್ದರು. ಊರಿನ ಮುಕ್ಕಾಲು ಪಾಲು ಜನ ಹಾಗೆ ಹೋದವರೇ. ಹೆಣ್ಣು ಗಂಡು ನೋಡುವಾಗಲೂ ಒಳಗಿನವರೋ ಬೆಂಚಿನವರೋ ಎಂದು ಕೇಳುವ ರೂಢಿ ಬಂದಿತ್ತು. ಯಾರನ್ನೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆದ್ದರಿಂದ ಇದರಲ್ಲಿ ಅನ್ಯಾಯವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮೇಲಿನ ತರಗತಿಯ ಮೇಷ್ಟ್ರು ಚನ್ನವೀರಯ್ಯ. ತುಂಬುತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಅವರ ತರಗತಿಯ ಪುಸ್ತಕ ಪ್ರತಿವರ್ಷ ಪರೀಕ್ಷೆಗೆ ಮುಂಚೆ ಮುಗಿಯುತ್ತಿತ್ತು. ಅದಕ್ಕೇ ಊರಲ್ಲಿ ಅವರಿಗೆ ಬಹಳ ಮರ್ಯಾದೆ. ಪುಟ ನಿಂತಿತೆಂದರೆ ಕನ್ನಡಕ ಮೇಲೆತ್ತಿ ಮಕ್ಕಳ ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸುವರು. ಯಾರೆಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಆ ಮಗುವಿನ ಹತ್ತಿರ ಹೋಗಿ, ತಲೆಯ ಮೇಲೆ ಕೈಯಿಟ್ಟು, "ಸ್ವಲ್ಪ ಗಾಳಿಗೆ ಕೂತ್ಕೊ ಹೋಗು ಮಗಾ" ಅನ್ನುವರು. ಅಷ್ಟು ಮೆತ್ತಗೆ ಹೇಳಿದ ಮೇಲೆ ಯಾವ ಮಗು ತಾನೇ ಎದುರು ಮಾತಾಡೀತು. ಎದ್ದು ಹೋಗುತ್ತಿದ್ದವು.

ಆ ಮೇಷ್ಟ್ರ ಕಣ್ಣು ಹೋಗುತ್ತಿತ್ತು. ನೋಡಬೇಕೆಂದದ್ದರ ನಟ್ಟನಡುವೆ ಒಂದು ಬೂದುಬಣ್ಣದ ಕಲೆ. ಸುತ್ತಲಿನದು ಕಾಣುವುದು, ನಡುವಿನದು ಮಾತ್ರ ಇಲ್ಲ. ದೂರದ ಊರಿನ ಡಾಕ್ಟರು ಇದು ಮತ್ತೆ ಸರಿಹೋಗುವಂಥದಲ್ಲ ಎಂದಿದ್ದರು. ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಹಳೆಯ ಪುಸ್ತಕ ಅವರಿಗೆ ಬಾಯಿಪಾಠವಾಗಿತ್ತು, ಹಾಗಾಗಿ ತೊಂದರೆಯಾಗಲಿಲ್ಲ. ಗೊತ್ತಿಲ್ಲದ ಸಾಲು ಬಂದರೆ ಒಬ್ಬ ಹುಡುಗನನ್ನು ಎಬ್ಬಿಸಿ "ಗಟ್ಟಿಯಾಗಿ ಓದು" ಅನ್ನುವರು, ಕೇಳಿಸಿಕೊಂಡು ವಿವರಿಸುವರು. ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ.

ಆ ವರ್ಷ ಎರಡು ಹೊಸ ವಸ್ತುಗಳು ಬಂದವು. ಒಂದು, ಬದಲಾದ ವಿಜ್ಞಾನದ ಪುಸ್ತಕ. ಇನ್ನೊಂದು, ಡಬ್ಬಿ. ಇಲಾಖೆಯಿಂದ ಜೀನತ್ ಮೇಡಂ ಎಂಬವರು ಜೀಪಿನಲ್ಲಿ ತಂದಿಟ್ಟು, "ಇದು ಕೃತಕ ಬುದ್ಧಿಮತ್ತೆ. ಮಾತಾಡುತ್ತೆ, ಕೇಳಿಸಿಕೊಳ್ಳುತ್ತೆ, ಗಾಜಿನ ಮೇಲೆ ಬರೆದೂ ತೋರಿಸುತ್ತೆ. ಒಬ್ಬೊಬ್ಬ ಮಗೂಗೂ ಅದಕ್ಕೆ ಹೊಂದೋ ಥರ ಹೇಳಿಕೊಡುತ್ತೆ" ಎಂದು ವಿವರಿಸಿ ಹೋದರು. ಊಟದ ಕ್ಯಾರಿಯರ್‌ನಷ್ಟು ಗಾತ್ರ, ಒಂದು ಬದಿಗೆ ಗಾಜು. ಬಂದ ಹೊಸದರಲ್ಲಿ ಅದು ಆಕಾಶವಾಣಿಯ ವಾರ್ತೆಯ ಹಾಗೆ "ತಾವು ಕುಶಲವೇ" ಎಂದು ಮಾತಾಡುತ್ತಿತ್ತು. ಮಕ್ಕಳು ನಕ್ಕು ನಕ್ಕು ಸುಸ್ತಾದರು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾನು ಗುಡಿಸುತ್ತಿದ್ದೆ. ಮೇಷ್ಟ್ರು ಹೊಸ ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡುತ್ತಿದ್ದರು. ಡಬ್ಬಿ ಸಣ್ಣ ದನಿಯಲ್ಲಿ, "ಸಾರ್, ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸಲೇ? ಅಥವಾ ಓದಿ ಹೇಳಲೇ?" ಎಂದು ಕೇಳಿತು. ಮೇಷ್ಟ್ರು ಪುಸ್ತಕ ಮುಚ್ಚಿದರು. ಡಬ್ಬಿಯನ್ನೆತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಗಾಜು ಹೊರಗೆ ಜಗಲಿಯ ಕಡೆಗೆ ಬರುವಂತೆ ತಿರುಗಿಸಿದರು. "ಇದು ಇಲ್ಲೇ ಇರ್ಲಿ ತಿಪ್ಪೇಸ್ವಾಮಿ. ಪಾಠದ ಮಧ್ಯೆ ಬಾಯಿ ಹಾಕುತ್ತೆ" ಎಂದರು. ಇಲಾಖೆಯವರು ಬಂದು ಕೇಳಿದರೆ ಡಬ್ಬಿ ಕೋಣೆಯಲ್ಲೇ ಇದೆ ಅನ್ನಬಹುದಿತ್ತು.

ಆಗ ಬೆಂಚಿನ ಮೇಲೆ ಇಬ್ಬರಿದ್ದರು. ಸುಗುಣ ಅನ್ನುವ ಹುಡುಗಿ. ಬಾಯಿ ಬಹಳ ಚುರುಕು, ಆದರೆ ಪುಸ್ತಕ ತೆರೆದರೆ ಅಕ್ಷರಗಳು ಅವಳಿಗೆ ಒಂದರ ಜಾಗದಲ್ಲಿ ಒಂದು ಕೂತ ಹಾಗೆ ಕಾಣುತ್ತಿದ್ದವು. ಇನ್ನೊಬ್ಬ ದ್ಯಾಮೇಶ; ಕಿವಿ ಮಂದ, ಕ್ವಾರಿಯ ಪಕ್ಕದ ಗುಡಿಸಲಿನಲ್ಲಿ ಸಿಡಿಮದ್ದಿನ ಸದ್ದಿನ ನಡುವೆಯೇ ಬೆಳೆದವನು. ಕಿಟಕಿಗೆ ಡಬ್ಬಿ ಬಂದ ಮರುದಿನ ಸುಗುಣ ಅದರ ಗಾಜಿಗೆ ಮೂಗು ಹಚ್ಚಿ, "ನಿನ್ನನ್ನೂ ಗಾಳಿಗೆ ಕೂರ್ಸಿದ್ರಾ?" ಎಂದಳು. "ಹಾಗೆ ಕಾಣುತ್ತದೆ. ಒಳಗೆ ಏನು ಪಾಠ ನಡೆಯುತ್ತಿದೆ ಎಂದು ನಿಮಗೆ ತಿಳಿಯಬೇಕೇ?" ಎಂದಿತು ಡಬ್ಬಿ. "ಯಾಕಂಗೆ ಮಾತಾಡ್ತೀಯ, ನೆಟ್ಟಗೆ ಮಾತಾಡು" ಎಂದಳು ಅವಳು.

ಡಬ್ಬಿ ನೆಟ್ಟಗೆ ಮಾತಾಡುವುದನ್ನು ಕಲಿಯಿತು. ಕೆಲವೇ ದಿನಗಳಲ್ಲಿ ಅದು ನಮ್ಮೂರಿನವರ ಹಾಗೆ ಐತೆ, ಬಂತೇನು, ತಗಾ ಅನ್ನತೊಡಗಿತು. ಒಳಗೆ ಮೇಷ್ಟ್ರು ಹೇಳಿದ್ದನ್ನು ದ್ಯಾಮೇಶನಿಗೆ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸುತ್ತಿತ್ತು. ಸುಗುಣಳಿಗೆ ಪುಸ್ತಕ ಓದಿ ಹೇಳುತ್ತಿತ್ತು. ಒಂದೊಂದೇ ಅಕ್ಷರವನ್ನು ಅಂಗೈಯಷ್ಟು ದೊಡ್ಡದಾಗಿ, ಸುತ್ತ ಬೇರೇನೂ ಇಲ್ಲದಂತೆ ತೋರಿಸಿ ಬೆರಳಾಡಿಸಲು ಹೇಳುತ್ತಿತ್ತು. ತಪ್ಪಿದರೆ ಇನ್ನೊಂದು ರೀತಿಯಲ್ಲಿ ಹೇಳಿಕೊಡುತ್ತಿತ್ತು. ಅದಕ್ಕೆ ಬೇಸರವೆಂಬುದು ಇರಲಿಲ್ಲ, ಮೆಚ್ಚುಗೆಯಲ್ಲೂ ಅತಿ ಇರಲಿಲ್ಲ. ಹೊಂಗೆಯ ನೆರಳು ಬೆಂಚಿನಿಂದ ಸರಿದು ಹೋದರೂ ಆ ಮಕ್ಕಳಿಬ್ಬರೂ ಬಿಸಿಲಲ್ಲೇ ಕೂತಿರುತ್ತಿದ್ದರು. ಅಷ್ಟು ಹೊತ್ತು ಆ ಬೆಂಚಿನ ಮೇಲೆ ಯಾರೂ ಮನಸ್ಸಿಟ್ಟು ಕೂತದ್ದನ್ನು ನಾನು ನೋಡಿರಲಿಲ್ಲ.

ಒಂದು ಬೆಳಗ್ಗೆ ಸುಗುಣ ಹೊಸ್ತಿಲ ಮೇಲೆ ನಿಂತು, "ಸಾ, ನಾನು ಒಳಗೆ ಬರ್ಲಾ? ಪುಟ ನಿಲ್ಲಲ್ಲ" ಎಂದಳು. ಮೇಷ್ಟ್ರು ದನಿ ಬಂದ ಕಡೆ ತಿರುಗಿದರು. ಬೆಂಚಿನವರು ತಾವಾಗಿ ಬಂದು ಕೇಳಿದ್ದು ಅದೇ ಮೊದಲು. "ಬಾ, ನೋಡೋಣ" ಎಂದರು. ಅವಳು ಕೂತಳು, ಪಾಠವಾಯಿತು, ಪುಟ ತಿರುಗಿತು. ಮಾರನೆಯ ದಿನ ದ್ಯಾಮೇಶನೂ ಬಂದ. ಡಬ್ಬಿಯೂ ಅವನ ಜೊತೆ ಒಳಗೆ ಬಂದು ಅವನ ಮುಂದೆ ಕೂತಿತು. ಪುಟ ಆಗಲೂ ತಿರುಗಿತು. ಮೇಷ್ಟ್ರು ಅವತ್ತು ಜಗಲಿಗೆ ಬಂದು ಬರಿದಾದ ಬೆಂಚನ್ನು ಕೈಯಿಂದ ಸವರಿ ನೋಡಿದರು. ಸಂತೋಷವಾಯಿತೋ ಇಲ್ಲವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಪುಟ ನಿಂತದ್ದು ಬೆಳಕಿನ ಪಾಠದಲ್ಲಿ. ಬೆಳಕಿನ ಕಿರಣ ಗಾಳಿಯಿಂದ ಗಾಜಿನ ಚಪ್ಪಡಿಯೊಳಗೆ ಓರೆಯಾಗಿ ಹೊಕ್ಕಾಗ ಬಾಗುತ್ತದೆ, ಹೊರಗೆ ಬರುವಾಗ ಮತ್ತೆ ಬಾಗುತ್ತದೆ ಎಂಬುದು ಪಾಠ. ಹಳೆಯ ಪುಸ್ತಕದಲ್ಲಿ ಇದು ಇರಲಿಲ್ಲ. ಓದಿಸಿದ ಸಾಲುಗಳನ್ನು ಮೇಷ್ಟ್ರು ಹಾಗೆಯೇ ಒಪ್ಪಿಸಿದರು. ಆದರೆ ಪಾಠವೆಲ್ಲ ಇದ್ದದ್ದು ಚಿತ್ರದಲ್ಲಿ. ಚಿತ್ರವನ್ನು ಗಟ್ಟಿಯಾಗಿ ಓದು ಎಂದು ಯಾರಿಗೆ ಹೇಳುವುದು. ಡಬ್ಬಿ ಮಕ್ಕಳಿಗೆ ಗಾಜಿನ ಮೇಲೆ ಕಿರಣ ಓಡಿಸಿ ತೋರಿಸಿತು, ಅವರು ತಲೆಯಾಡಿಸಿದರು. ಪುಟ ತಿರುಗಲಿಲ್ಲ. ಮಾರನೆಯ ದಿನವೂ ಇಲ್ಲ, ಆಮೇಲೂ ಇಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು. ಬೆಳಕಿನ ಪಾಠದ ಹಿಂದೆ ಇನ್ನೂ ಎಷ್ಟೋ ಪಾಠಗಳು ಮುಚ್ಚಿಕೊಂಡು ಕೂತಿದ್ದವು.

ಕ್ವಾರಿಯ ಮಾಲೀಕರೂ ಶಾಲಾ ಸಮಿತಿಯ ಅಧ್ಯಕ್ಷರೂ ಆದ ಪಾಲಾಕ್ಷಪ್ಪನವರ ಮಗ ಅದೇ ತರಗತಿಯಲ್ಲಿದ್ದ. ಅವರು ಬಂದು ಹೊಸ್ತಿಲಾಚೆ ನಿಂತರು. ಒಳಗೆ ಕಾಲಿಟ್ಟರೆ ತಾವೂ ಲೆಕ್ಕಕ್ಕೆ ಬರುತ್ತೇವೆಂದು ದೊಡ್ಡವರು ಯಾರೂ ಒಳಗೆ ಬರುತ್ತಿರಲಿಲ್ಲ. "ಬೆಂಚಿನೋರ್ನ ಒಳಗೆ ಕೂರ್ಸಿಕೊಂಡ್ರೆ ಇನ್ನೇನಾಗ್ತದೆ ಮೇಷ್ಟ್ರೇ. ಆ ಇಬ್ಬರ್ನ ಆಚೆ ಕಳ್ಸಿ, ಪುಟ ತಿರುಗ್ತದೆ" ಎಂದರು. ಸುಗುಣ ಡಬ್ಬಿಯ ಕಡೆ ಬಾಗಿ, "ನನ್ನಿಂದ್ಲಾ?" ಎಂದು ಕೇಳಿದಳು. "ಅಲ್ಲ. ದ್ಯಾಮೇಶನಿಂದ್ಲೂ ಅಲ್ಲ. ಈ ಮಕ್ಳಲ್ಲಿ ಯಾರಿಂದ್ಲೂ ಅಲ್ಲ ಅಂತ ಕಾಣ್ತೈತೆ" ಎಂದಿತು ಅದು. "ಮತ್ಯಾರಿಂದ?" ಎಂದು ಪಾಲಾಕ್ಷಪ್ಪ ಕೇಳಿದರು. "ನಂಗೆ ಅನ್ನಿಸಿದ್ದನ್ನ ನಾನು ಹೇಳಲ್ಲ. ಹೇಳೋದಾದ್ರೆ ಅವ್ರೇ ಹೇಳ್ಬೇಕು." ಪಾಲಾಕ್ಷಪ್ಪನವರು, "ಯಂತ್ರದ ಮಾತು ಕಟ್ಕೊಂಡು ಏನಾಗ್ಬೇಕು" ಎಂದು ತಲೆ ಕೊಡವಿದರು.

ಮೇಷ್ಟ್ರಿಗೆ ಗೊತ್ತಿತ್ತು. ಪುಟ ನಿಂತ ದಿನವೇ ಗೊತ್ತಾಗಿತ್ತು ಎಂದು ಅವರೇ ನನಗೆ ಹೇಳಿದರು. ಆದರೂ, ಒಂದು ವೇಳೆ ಮಕ್ಕಳಲ್ಲೇ ಯಾರೋ ಇರಬಹುದು ಎಂಬ ಎಳೆಯೊಂದನ್ನು ಹಿಡಿದುಕೊಂಡಿದ್ದರಂತೆ. ಸುಗುಣಳ ತಲೆಯ ಮೇಲೆ ಕೈಯಿಟ್ಟು ಗಾಳಿಗೆ ಕಳಿಸಿದರು. ಡಬ್ಬಿಯ ಸಮೇತ ದ್ಯಾಮೇಶನನ್ನು ಕಳಿಸಿದರು. ಪುಟ ತಿರುಗಲಿಲ್ಲ. "ಇನ್ನೊಬ್ಬರ್ನ ಕಳ್ಸಿ" ಎಂದರು ಪಾಲಾಕ್ಷಪ್ಪ. ಹಿಂದಿನ ಸಾಲಿನವರು ಎದ್ದರು, ನಡುವಿನವರು ಎದ್ದರು. ಪ್ರತಿಸಲ ಮೇಷ್ಟ್ರು ಪುಟದ ಅಂಚನ್ನು ಹೆಬ್ಬೆರಳಿಂದ ಎಬ್ಬಿಸಿ ನೋಡುವರು. ಬೆಂಚು ತುಂಬಿ ಮಕ್ಕಳು ಜಗಲಿಯ ಉದ್ದಕ್ಕೂ ನಿಂತರು. ಕೊನೆಗೆ ಪಾಲಾಕ್ಷಪ್ಪನವರ ಮಗನೊಬ್ಬನೇ ಉಳಿದ. ಮೇಷ್ಟ್ರು ಅವನ ತಲೆಯ ಮೇಲೂ ಕೈಯಿಟ್ಟರು. ಅಪ್ಪನ ಮುಖ ನೋಡುತ್ತ ಅವನೂ ಹೊರಗೆ ಬಂದ.

ಕೋಣೆಯಲ್ಲಿ ಮೇಷ್ಟ್ರು, ಮೇಜು, ಪುಸ್ತಕ. ಹೊರಗೆ ಕಿಟಕಿಯಲ್ಲಿ, ಬಾಗಿಲಲ್ಲಿ ಇಡೀ ತರಗತಿ. ಮೇಷ್ಟ್ರು ಪುಟಕ್ಕೆ ಕೈ ಹಚ್ಚಿದರು. ಅದು ಕಲ್ಲಿನ ಹಾಗೆ ಕೂತಿತ್ತು. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಮೇಜಿನ ಅಂಚು ಹಿಡಿದು ನಡೆದು, ತಡವುತ್ತ ಹೊಸ್ತಿಲು ದಾಟಿ ಬಂದರು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ನಮಗೆಲ್ಲ ಗೊತ್ತಾದದ್ದು ಆಗಲೇ. ಬೆಂಚಿನ ಮೇಲಿದ್ದ ಮಕ್ಕಳು ಎದ್ದು ಜಾಗ ಬಿಟ್ಟರು. ಅವರು ಕೂತರು. ಸುಮಾರು ಹೊತ್ತಾದ ಮೇಲೆ ಸುಗುಣ, "ಸಾ, ನಾವು ಒಳಗೆ ಹೋಗ್ಲಾ?" ಎಂದು ಕೇಳಿದಳು. "ಹೋಗಿ" ಎಂದರು. ಮಕ್ಕಳು ಒಳಗೆ ಹೋದರು. ಪುಟ ತಿರುಗಿದ್ದು ನನಗೆ ಬಾಗಿಲ ಬಳಿಗೇ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

ಅಲ್ಲಿಂದ ಮುಂದೆ ಪಾಠವನ್ನೆಲ್ಲ ಡಬ್ಬಿಯೇ ಮಾಡಿತು. ಚೆನ್ನಾಗಿಯೇ ಮಾಡಿತು. ಪುಟಗಳು ಸರಾಗವಾಗಿ ತಿರುಗಿದವು. ಪಾಲಾಕ್ಷಪ್ಪನವರು ಸಮಾಧಾನಪಟ್ಟುಕೊಂಡು, ಮೇಷ್ಟ್ರಿಗೆ ಒಂದು ಹಾರ ಶಾಲು ಹಾಕಿಸಿ ಕಳಿಸಿಕೊಡಬೇಕು ಎಂದು ಸಮಿತಿಯಲ್ಲಿ ಮಾತೆತ್ತಿದರು. ಮೇಷ್ಟ್ರು ಮಾತ್ರ ದಿನಾ ಗಂಟೆ ಹೊಡೆಯುವ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂರುವುದನ್ನು ಬಿಡಲಿಲ್ಲ. ಅದೇ ಬಿಳಿ ಅಂಗಿ. "ಮನೇಲಿರಿ ಸಾರ್, ಬಿಸಿಲು" ಎಂದು ನಾನೊಮ್ಮೆ ಹೇಳಿದೆ. "ಎಲ್ಲಿಗೆ ಅಂತ ಹೋಗ್ಲಿ ತಿಪ್ಪೇಸ್ವಾಮಿ. ಈ ಹೊತ್ತಿಗೆ ಕಾಲು ತಾನೇ ಈ ಕಡೆ ಬರುತ್ತೆ" ಎಂದರು. ಡಬ್ಬಿ ಕಿಟಕಿಯ ಕಡೆಯಿಂದ, "ಸಾ, ಚಿತ್ರ ಬಾಯಲ್ಲಿ ಹೇಳ್ತೀನಿ, ಕೇಳ್ತೀರಾ?" ಎಂದು ಕೇಳಿತು. ಅವರು ಮುಖವನ್ನು ಹೊಂಗೆ ಮರದ ಕಡೆಗೆ ತಿರುಗಿಸಿಕೊಂಡರು. ಅದು ಮತ್ತೆ ಕೇಳಲಿಲ್ಲ.

ಸುಗುಣ ಕೇಳಿದಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳು ಡಬ್ಬಿಯ ಮುಂದೆ ಕೂತು, "ಕಣ್ಣಿಲ್ದೋರಿಗೆ ಚಿತ್ರ ಹೆಂಗೆ ತೋರ್ಸೋದು?" ಎಂದಳು. "ಬೆರಳಿಗೆ ತೋರ್ಸೋದು. ಗೆರೆ ಉಬ್ಬಿರ್ಬೇಕು, ಇಲ್ಲಾ ತಗ್ಗಾಗಿರ್ಬೇಕು. ದಾರ ಅಂಟಿಸಿದ್ರೂ ಆಗ್ತದೆ." ದಾರ ಅಂಟಿಸಿ ನೋಡಿದಳು, ಬೆರಳಾಡಿಸುವಾಗ ಕಿತ್ತು ಬಂತು. "ನಿಮ್ಮಮ್ಮ ಕಲ್ಲು ಕೆತ್ತೋರಲ್ವಾ?" ಎಂದಿತು ಡಬ್ಬಿ.

ಅವಳ ಅಮ್ಮ ಓಬಮ್ಮ ಕ್ವಾರಿಯಲ್ಲಿ ಚಪ್ಪಡಿ ಕೆತ್ತುವವಳು. ಮಗಳು ಕೇಳಿದಾಗ ಅವಳು ಉಳಿ ಕೆಳಗಿಡಲೂ ಇಲ್ಲವಂತೆ. "ಆ ಮೇಷ್ಟ್ರಿಗೆ ನಾನ್ಯಾಕೆ ಕೆತ್ತಿಕೊಡ್ಲಿ? ನನ್ನ ಗಾಳಿಗೆ ಕೂರ್ಸಿದೋರು ಅವ್ರೇ" ಎಂದಳಂತೆ. "ಈಗ ಅವ್ರೂ ಅಲ್ಲೇ ಕೂತವ್ರಮ್ಮ. ನೀನು ಕೂತಿದ್ದ ಜಾಗ್ದಾಗೇ" ಎಂದಳಂತೆ ಮಗಳು. ಮರುದಿನ ಓಬಮ್ಮ ಕೆಲಸದ ನಡುವೆ ಎದ್ದು ಬಂದಳು. ತಲೆಯ ಮೇಲೆ, ರೆಪ್ಪೆಯ ಮೇಲೆ ಕಲ್ಲಿನ ಪುಡಿ. ಜಗಲಿಯ ಕೆಳಗೆ ನಿಂತು ಮೇಷ್ಟ್ರನ್ನು ನೋಡಿದಳು. ಅವರು ತಲೆ ವಾಲಿಸಿ, "ಯಾರು?" ಎಂದರು.

"ಓಬಮ್ಮ."

"ಯಾವ ಓಬಮ್ಮ?"

"ನದಿಗಳ ಪಾಠದಾಗೆ ಆಚೆ ಬಂದೋಳು."

ನಮ್ಮೂರಿನಲ್ಲಿ ಬೆಂಚಿನವರು ತಮ್ಮ ಗುರುತು ಹೇಳುವುದು ಹಾಗೆಯೇ, ಎಲ್ಲಿ ಹೊರಗೆ ಬಂದರೋ ಆ ಪಾಠದ ಹೆಸರಿನಿಂದ. "ಕಿಟಕಿ ಪಕ್ಕ ಕೂರ್ತಿದ್ದೆ. ಎಡಗೈಲಿ ಬರೀತಿದ್ದೆ" ಎಂದರು ಮೇಷ್ಟ್ರು. "ಹೂಂ." "ನಿನಗೇನು ಅರ್ಥ ಆಗಿರ್ಲಿಲ್ಲ ಅಂತ ನಾನು ಕೇಳ್ಲೇ ಇಲ್ಲ." "ಇಲ್ಲ, ಕೇಳ್ಲಿಲ್ಲ" ಎಂದಳು ಓಬಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಮಗಳ ಕಡೆ ತಿರುಗಿ, "ಏನು ಕೆತ್ಬೇಕು, ಹೇಳ್ಸು ನಿನ್ನ ಡಬ್ಬಿ ಕೈಲಿ" ಎಂದಳು.

ಡಬ್ಬಿ ಚಿತ್ರವನ್ನು ಗಾಜಿನ ಮೇಲೆ ತೋರಿಸಿ ಎಲ್ಲಿ ಆಳ, ಎಲ್ಲಿ ತೆಳು ಎಂದು ಹೇಳಿತು. ಓಬಮ್ಮ ಒಂದು ತೆಳ್ಳನೆಯ ಕರಿಯ ಚಪ್ಪಡಿಯ ಮೇಲೆ ಉಳಿಯಿಂದ ಗೀಚಿಕೊಂಡಳು. ಗಾಜಿನ ಎಲ್ಲೆಗೆ ಅಗಲವಾದ ಗೆರೆ. ಕಿರಣಕ್ಕೆ ಬೆರಳ ತುದಿ ಕೂರುವಂಥ ತೋಡು. ಬಾಗುವ ಕಡೆ ಒಂದೊಂದು ಗುಳಿ. ಕೆಲಸ ಮುಗಿದ ಮೇಲೆ ಅದನ್ನು ಮೇಷ್ಟ್ರ ತೊಡೆಯ ಮೇಲಿಟ್ಟು ಕ್ವಾರಿಗೆ ಹೊರಟುಹೋದಳು.

ಮೇಷ್ಟ್ರ ಬೆರಳನ್ನು ಸುಗುಣ ಹಿಡಿದು ನಡೆಸಿದಳು. ತೋಡಿನಲ್ಲಿ ಬೆರಳು ನೇರ ಬಂತು, ಗುಳಿಗೆ ಬಿತ್ತು, ದಿಕ್ಕು ಬದಲಿಸಿತು. "ಇಲ್ಲಿ ಯಾಕೆ ಬಾಗುತ್ತೆ?" ಎಂದರು. ಗಾಜಿನಲ್ಲಿ ಬೆಳಕಿನ ವೇಗ ಕಡಿಮೆಯಾಗುತ್ತದೆ ಎಂದಿತು ಡಬ್ಬಿ. "ವೇಗ ಕಡಿಮೆಯಾದರೆ ನಿಧಾನ ಹೋಗಲಿ. ಬಾಗೋದು ಯಾಕೆ?" ಡಬ್ಬಿ ಇನ್ನೊಂದು ರೀತಿಯಲ್ಲಿ ಹೇಳಿತು, ಮತ್ತೊಂದು ರೀತಿಯಲ್ಲಿ ಹೇಳಿತು. ಮೇಷ್ಟ್ರು ತಲೆಯಲ್ಲಾಡಿಸಿದರು. ಅರ್ಥವಾಗದೆ ಕೂರುವುದು ಅವರಿಗೆ ಹೊಸದು. "ಬಿಡು, ನನ್ನ ತಲೆಗೆ ಹೋಗೋದಲ್ಲ ಇದು" ಎಂದು ಚಪ್ಪಡಿ ಪಕ್ಕಕ್ಕಿಟ್ಟರು. ಆ ಮಾತನ್ನು ಆ ಬೆಂಚಿನ ಮೇಲೆ ನಾನು ಎಷ್ಟೋ ಬಾಯಿಂದ ಕೇಳಿದ್ದೆ.

ಸುಗುಣ ಚಪ್ಪಡಿಯನ್ನು ಮತ್ತೆ ಅವರ ತೊಡೆಯ ಮೇಲಿಟ್ಟಳು. "ಸಾ, ಕಲ್ಲಿನ ಗಾಡಿ ರಸ್ತೆ ಮೇಲೆ ಬರ್ತಾ ಬರ್ತಾ ಓರೆಯಾಗಿ ಕೆಸರಿಗೆ ಇಳೀತದೆ ಅನ್ಕಳ್ಳಿ. ಎರಡು ಗಾಲಿನೂ ಒಟ್ಗೇ ಇಳಿಯಲ್ಲ. ಮೊದ್ಲು ಇಳ್ದಿದ್ದು ಹೂತ್ಕಂಡು ನಿಧಾನ ಆಗ್ತದೆ, ಇನ್ನೊಂದು ಇನ್ನೂ ರಸ್ತೆ ಮೇಲೆ ಜೋರಾಗಿ ಓಡ್ತಿರ್ತದೆ. ಆವಾಗ ಗಾಡಿ ಏನಾಗ್ತದೆ?" ಮೇಷ್ಟ್ರ ಬೆರಳು ಗುಳಿಯಲ್ಲಿ ನಿಂತಿತ್ತು. "ತಿರುಗಿಕೊಳ್ಳುತ್ತೆ" ಎಂದರು. ಬೆರಳು ತಾನಾಗಿ ಮುಂದಕ್ಕೆ ಹೋಯಿತು, ಇನ್ನೊಂದು ಗುಳಿಗೆ ಬಂತು. "ಈ ಕಡೆ ಮೊದಲು ಹೊರಗೆ ಬಂದ ಗಾಲಿ ಜೋರಾಗುತ್ತೆ. ಮತ್ತೆ ಮೊದಲಿನ ದಿಕ್ಕಿಗೇ ಬರುತ್ತೆ." "ಹೂಂ ಸಾ." ಅವರು ಆ ತೋಡಿನ ಮೇಲೆ ಎಷ್ಟೋ ಸಲ ಬೆರಳು ಓಡಿಸಿದರು. ಡಬ್ಬಿ, "ಗಾಡಿ ಮಾತು ಚೆನ್ನಾಗೈತೆ ಸುಗುಣ, ನಾನೂ ಇಟ್ಕಂತೀನಿ" ಎಂದಿತು.

ಅಷ್ಟಾದರೂ ಮೇಷ್ಟ್ರು ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ತರಗತಿ ಎಷ್ಟೋ ಪುಟ ಮುಂದೆ ಹೋಗಿತ್ತು. ಅವರು ಒಳಗೆ ಕೂತರೆ ಪುಸ್ತಕ ನಿಲ್ಲುವುದು ಖಂಡಿತ. ಸುಗುಣ ಒಳಗೆ ಬನ್ನಿ ಎಂದು ಕರೆದದ್ದು ಪಾಲಾಕ್ಷಪ್ಪನವರ ಕಿವಿಗೆ ಬಿತ್ತು. ಅವರು ಜೀನತ್ ಮೇಡಂ ಅವರನ್ನೂ ಕರೆಸಿಕೊಂಡು ಬಂದರು. ಮೇಡಂ ಬೇಸರದಿಂದಲೇ, "ಮೇಷ್ಟ್ರೆ, ಪರೀಕ್ಷೆ ಮುಗಿಯೋ ತನಕ ಹೊರಗಿದ್ದರೆ ಮಕ್ಕಳಿಗೆ ಅನುಕೂಲ" ಎಂದರು. ಪಾಲಾಕ್ಷಪ್ಪ ಡಬ್ಬಿಯನ್ನೇ ಕೇಳಿದರು: "ನೀನೇ ಹೇಳು. ಪಾಠಕ್ಕೆ ಇವರು ಬೇಕಾ?" "ಪುಟ ತಿರುಗಕ್ಕೆ ಬೇಕಾಗಿಲ್ಲ" ಎಂದಿತು ಡಬ್ಬಿ. "ಅವ್ರು ಕಲೀಬೇಕು ಅಂದ್ರೆ ಮಾತ್ರ ಒಳಗಿರ್ಬೇಕು. ಕಾಯೋದು ಬಿಡೋದು ಮಕ್ಳು ಹೇಳ್ಲಿ."

ಪಾಲಾಕ್ಷಪ್ಪನವರ ಮಗ ನೆಲ ನೋಡುತ್ತಿದ್ದ. ದ್ಯಾಮೇಶ ಗಾಜಿನ ಮೇಲೆ ಬಂದ ಸಾಲುಗಳನ್ನು ಓದಿಕೊಂಡು, ಎದ್ದು ಹೊರಗೆ ಬಂದು, ಮೇಷ್ಟ್ರ ಕೈ ಹಿಡಿದೆಬ್ಬಿಸಿ, ಕರೆದುಕೊಂಡು ಹೋಗಿ ತನ್ನ ಪಕ್ಕ ಹಿಂದಿನ ಸಾಲಿನಲ್ಲಿ ಕೂರಿಸಿದ. ಯಾರೂ ತಡೆಯಲಿಲ್ಲ. ತಡೆಯಬೇಕಾದವರು ಹೊಸ್ತಿಲ ಆಚೆಗಿದ್ದರು.

ಪುಟ ನಿಂತಿತು. ಅವತ್ತು ನಿಂತದ್ದು ಮಾರನೆಯ ದಿನವೂ ತಿರುಗಲಿಲ್ಲ, ಅದರ ಮಾರನೆಯ ದಿನವೂ ತಿರುಗಲಿಲ್ಲ. ತಪ್ಪಿಹೋದ ಒಂದೊಂದು ಪಾಠವನ್ನೂ ಮಕ್ಕಳು ಸರದಿಯಲ್ಲಿ ಮೇಷ್ಟ್ರಿಗೆ ಹೇಳಿಕೊಟ್ಟರು. ಹೇಳಲು ಹೋದಾಗ ತಮಗೇ ಸರಿಯಾಗಿ ಗೊತ್ತಿಲ್ಲದ್ದು ಬಯಲಾಗಿ ಡಬ್ಬಿಯನ್ನು ಕೇಳಿ ತಿಳಿದುಕೊಂಡು ಮತ್ತೆ ಹೇಳಿದರು. ಓಬಮ್ಮ ಇನ್ನೂ ಕೆಲವು ಚಪ್ಪಡಿ ಕೆತ್ತಿದಳು. ಒಂದು ದಿನ ಮೇಷ್ಟ್ರು ಅರ್ಧ ಪಾಠದಲ್ಲಿ ಎದ್ದು ಬಾಗಿಲ ಕಡೆ ಹೊರಟರು. "ನನ್ನಿಂದ ನಿಮ್ಮ ವರ್ಷ ಹಾಳಾಗೋದು ಬೇಡ. ನಾನು ಗಾಳಿಗೆ ಕೂತಿರ್ತೀನಿ" ಎಂದರು. ಅವರ ದನಿ ಹಿಂದೆ ಮಕ್ಕಳಿಗೆ ಹೇಳುತ್ತಿದ್ದಷ್ಟೇ ಮೆತ್ತಗಿತ್ತು. ದ್ಯಾಮೇಶ ಅವರ ಅಂಗಿಯ ತುದಿ ಹಿಡಿದ. ಕಿವಿ ಕೇಳದವರ ದೊಡ್ಡ ಗಂಟಲಿನಲ್ಲಿ, "ಕೂತ್ಕಳಿ ಸಾ" ಎಂದ. ಅವರು ಕೂತರು. ಮೇಷ್ಟ್ರಿಗೆ ಅಳು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಕ್ಕಳು ನೋಡದವರ ಹಾಗೆ ಪುಸ್ತಕದ ಕಡೆ ಬಗ್ಗಿದರು.

ಕಡೆಗೆ ಪುಟ ತಿರುಗಿತು. ಆದರೆ ಕೊನೆಯ ಎರಡು ಪಾಠ ತೆರೆಯುವ ಮೊದಲೇ ಪರೀಕ್ಷೆ ಬಂತು. ಮಕ್ಕಳು ಗೊತ್ತಿದ್ದಷ್ಟು ಬರೆದರು. ದ್ಯಾಮೇಶ ಪಾಸಾದ, ಸುಗುಣ ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿ ಪಾಸಾದಳು. ಪಾಲಾಕ್ಷಪ್ಪನವರ ಮಗನಿಗೆ ಅವರು ಎಣಿಸಿದಷ್ಟು ಅಂಕ ಬರಲಿಲ್ಲ. ಅವರು ಮೇಷ್ಟ್ರ ಹತ್ತಿರ ಇವತ್ತಿಗೂ ಮಾತಾಡುವುದಿಲ್ಲ. ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ನಮ್ಮ ಶಾಲೆಯ ಪುಸ್ತಕ ಆಮೇಲೆ ಯಾವ ವರ್ಷವೂ ಪೂರ್ತಿ ಮುಗಿದಿಲ್ಲ. ಹೊರಗೆ ಕಳಿಸುವುದು ಮಾತ್ರ ನಿಂತಿದೆ. ಮೇಷ್ಟ್ರು ಮತ್ತೆ ಪಾಠ ಮಾಡುತ್ತಾರೆ. ಡಬ್ಬಿ ಓದಿ ಹೇಳುತ್ತದೆ, ಚಪ್ಪಡಿಗಳ ಮೇಲೆ ಅವರ ಬೆರಳು ಓಡುತ್ತದೆ, ಪುಟ ನಿಂತರೆ "ಯಾರಿಗೆ ಯಾವುದು ಅರ್ಥ ಆಗಲಿಲ್ಲ, ಹೇಳಿ" ಎಂದು ಕೇಳುತ್ತಾರೆ. ಎಷ್ಟೋ ಸಲ ಅವರದೇ ಕೈ ಮೊದಲು ಏಳುತ್ತದೆ.

ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ಓಬಮ್ಮ ಹೊಸ ಚಪ್ಪಡಿಯೊಂದನ್ನು ಹೊತ್ತು ತಂದಳು. ಹೃದಯದ ಚಿತ್ರ, ನಾಲ್ಕು ಕೋಣೆಗಳದು. ಹೊಸ್ತಿಲ ಹೊರಗೆ ನಿಂತೇ ಅದನ್ನು ಒಳಗೆ ಸರಿಸಿ, "ಬರ್ತೀನಿ ಮೇಷ್ಟ್ರೇ" ಎಂದಳು. ಮೇಷ್ಟ್ರು ಚಪ್ಪಡಿಯ ಮೇಲೆ ಕೈಯಾಡಿಸುತ್ತ, "ಇಷ್ಟೊಂದು ಕೆತ್ತಿದ್ದೀಯಲ್ಲ, ಇದೇನು ಅಂತ ನಿನಗೆ ಗೊತ್ತಾ?" ಎಂದರು. "ಇಲ್ಲ. ಡಬ್ಬಿ ಹೇಳ್ದಂಗೆ ಕೆತ್ತಿದ್ದು." "ತಿಳ್ಕೋಬೇಕು ಅಂತ ಇದ್ಯಾ?" ಓಬಮ್ಮ ಸೆರಗಿನಿಂದ ಮುಖದ ಪುಡಿ ಒರೆಸಿಕೊಂಡಳು. ಒಳಗೆ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. "ನಾನು ಒಳಗೆ ಬಂದ್ರೆ ಪುಟ ನಿಲ್ತದೆ ಮೇಷ್ಟ್ರೇ" ಎಂದಳು.

"ನಿಲ್ಲಲಿ" ಎಂದರು ಮೇಷ್ಟ್ರು. "ಬಾ."

ಅವಳು ನನ್ನ ಕಡೆ ನೋಡಿದಳು. ನಾನು ಕೊಡದಿಂದ ಒಂದು ತಂಬಿಗೆ ನೀರು ತುಂಬಿ ಕೊಟ್ಟೆ. ಕೈಕಾಲು ತೊಳೆದುಕೊಂಡು ಅವಳು ಒಳಗೆ ಹೋದಳು. ಮುಂದಿನ ಸಾಲಿನ ಮಕ್ಕಳು ಸರಿದು ಜಾಗ ಮಾಡಿಕೊಟ್ಟರು.